ಪದ್ದಕ್ಕನ ಮೂರು ಕಾಗದ

ಪದ್ದಕ್ಕ ಕೋಟದ ನಮ್ಮ ಮನೆಗೆ ಮೊದಲ ಸಲ ಬಂದದ್ದು ಕೆಲಸ ಕೇಳಿಕೊಂಡು ಅಲ್ಲ. ಅವಳ ತಾಯಿ ಮೀನಿನ ಬುಟ್ಟಿ ಹೊತ್ತು ಹೊತ್ತು ಕುತ್ತಿಗೆ ಹಿಡಿದು, ತಲೆಯನ್ನು ಒಂದೇ ಕಡೆಗೆ ವಾಲಿಸಿಕೊಂಡು ನನ್ನ ಅಪ್ಪಯ್ಯನ ಹತ್ತಿರ ಔಷಧಿಗೆ ಬಂದಿದ್ದಳು. ಪದ್ದಕ್ಕ ತಾಯಿಯ ಕೈ ಹಿಡಿದುಕೊಂಡು ಜೊತೆಗೆ ಬಂದವಳು. ಅಪ್ಪಯ್ಯ, ಊರವರ ಬಾಯಲ್ಲಿ ಶಾಮರಾಯ ವೈದ್ಯರು, ಒಂದು ಎಣ್ಣೆ ಕೊಟ್ಟು, ಹೇಗೆ ಹಚ್ಚಬೇಕೆಂದು ತೋರಿಸಿ, ಮಗಳ ಕೈಯಲ್ಲೇ ಹಚ್ಚಿಸಿದರು. ನಾನು ಆಗ ಒಂಬತ್ತನೇ ಕ್ಲಾಸು. ಮೂಲೆಯ ಮೇಜಿನಲ್ಲಿ ಲೆಕ್ಕ ಬಿಡಿಸುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಆ ಮುದುಕಿ ನೋವಿನಿಂದ ನರಳುವುದನ್ನು ಬಿಟ್ಟು ಕಣ್ಣು ಮುಚ್ಚಿದ್ದು ನನಗೆ ಇನ್ನೂ ನೆನಪಿದೆ.

"ಹೆಣ್ಣೇ, ನಿನ್ನ ಕೈಯಂಗೆ ಅಂದಾಜ್ ಇತ್ತ್," ಎಂದರು ಅಪ್ಪಯ್ಯ. "ಇಲ್ಲೇ ಕೆಲ್ಸಕ್ಕೆ ಬತ್ಯಾ?"

ಅವಳಿಗೆ ಆಗ ಇಪ್ಪತ್ತನಾಲ್ಕು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಕುಂದಾಪುರದ ಕೋಡಿಯಲ್ಲಿ ಮನೆ. ಗಂಡನ ಹೆಸರು ಗುಡ್ಡ, ಗಂಗೊಳ್ಳಿಯ ಮೀನಿನ ಬೋಟಿಗೆ ಹೋಗುವವನು. ಅಪ್ಪಯ್ಯ ಹಾಕಿದ್ದು ಒಂದೇ ಷರತ್ತು. ಕೆಲಸಕ್ಕೆ ಬರುವ ಮೊದಲು ಮೀನು ಮುಟ್ಟಬಾರದು, ಎಣ್ಣೆಗೆ ವಾಸನೆ ಬರುತ್ತದೆ. ಹದಿನೆಂಟು ವರ್ಷ ಅವಳ ಮನೆಯಲ್ಲಿ ಮೀನು ಕೊಯ್ದದ್ದು ಗುಡ್ಡನೇ. ಅಕ್ಕಪಕ್ಕದವರು ನಗಾಡುತ್ತಿದ್ದರಂತೆ. ಅವನು ತಲೆ ಕೆಡಿಸಿಕೊಂಡವನಲ್ಲ.

ನಮ್ಮ ಮನೆಯ ಹಿಂದೆ ಹಂಚು ಹೊದೆಸಿದ ಒಂದು ಕೋಣೆ, ಅದರಲ್ಲಿ ಎಣ್ಣೆ ಹಚ್ಚಲು ಮಲಗಿಸುವ ಉದ್ದ ಮರದ ಹಲಗೆ, ಪಕ್ಕದಲ್ಲಿ ನೀರು ಕಾಯಿಸುವ ಒಲೆ. ಅದು ಪದ್ದಕ್ಕನ ಜಾಗ. ಸಾಲಿಗ್ರಾಮದಿಂದ, ಬ್ರಹ್ಮಾವರದಿಂದ, ಎರಡು ಬಸ್ಸು ಬದಲಿಸಿ ಅಮಾಸೆಬೈಲಿನಿಂದ ಹೆಂಗಸರು ಬರುತ್ತಿದ್ದರು. ಗೇಟಿನಲ್ಲೇ ಕೇಳುವುದು, "ಇವತ್ತ್ ಪದ್ದು ಇತ್ತಾ?" ಸೊಂಟದಲ್ಲಿ ಎಲ್ಲಿ ಹಿಡಿದಿದೆಯೆಂದು ಅವರು ಹೇಳುವ ಮೊದಲೇ ಅವಳ ಹೆಬ್ಬೆರಳು ಅಲ್ಲಿಗೆ ಹೋಗುತ್ತಿತ್ತು. ಅಷ್ಟೂ ಜನರ ಮೈಯನ್ನು ಮುಟ್ಟುತ್ತಿದ್ದ ಆ ಕೈಗೆ ನಮ್ಮ ಮನೆಯಲ್ಲಿ ಊಟ ಹಿಂದಿನ ಜಗಲಿಯಲ್ಲಿ, ಕಾಫಿ ಬೇರೆಯೇ ಇಟ್ಟ ಲೋಟದಲ್ಲಿ. ನನಗೆ ಅದರ ಬಗ್ಗೆ ನಾಚಿಕೆ ಹುಟ್ಟಿದ್ದು ಎಷ್ಟೋ ವರ್ಷದ ಮೇಲೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಯಾರೂ ಸೀದಾ ಪದ್ದಕ್ಕನ ಕೋಣೆಗೆ ಹೋಗುವ ಹಾಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಅಪ್ಪಯ್ಯ ನಾಡಿ ನೋಡಿ, ಎರಡೂ ಕಾಲು ಮುಟ್ಟಿ ನೋಡಿ, ಪಾದ ಮೇಲಕ್ಕೆ ಮಡಚಿ ನೋವಿದೆಯೇ ಎಂದು ಕೇಳಿ, ಆಮೇಲೆ ಕಳಿಸುತ್ತಿದ್ದರು. ಕೆಲವರಿಗೆ "ನಿಮಗೆ ಎಣ್ಣೆ ಬೇಡ, ಮೊದ್ಲ್ ಕುಂದಾಪ್ರದಲ್ಲಿ ತೋರ್ಸಿ" ಎಂದು ವಾಪಸು ಕಳಿಸುವುದೂ ಇತ್ತು. ನಾನು ಆಯುರ್ವೇದ ಓದುತ್ತಿದ್ದಾಗ ರಜೆಗೆ ಬಂದ ಒಂದು ದಿನ ಪದ್ದಕ್ಕ ಕೇಳಿದಳು.

"ರಾಯ್ರೇ, ಈಗ ಬಂದ ಅಮ್ಮನ ಎಂತಕೆ ವಾಪಸ್ ಕಳ್ಸಿದ್ರಿ?"

"ಅದ್ ನಿಂಗೆಂತಕೆ? ನಾ ಕಳ್ಸಿದವ್ರಿಗೆ ನೀ ಎಣ್ಣೆ ಹಚ್ಚ್."

ಅಪ್ಪಯ್ಯ ಸಿಟ್ಟಿನಲ್ಲಿ ಹೇಳಿದ್ದಲ್ಲ. ವೈದ್ಯರ ಕೆಲಸ ವೈದ್ಯರದ್ದು, ಎಣ್ಣೆಯವಳ ಕೆಲಸ ಎಣ್ಣೆಯವಳದ್ದು ಎಂಬುದು ಅವರಿಗೆ ಉಸಿರಾಡಿದಷ್ಟು ಸಹಜವಾಗಿತ್ತು. ಉತ್ತರ ನನಗೆ ಗೊತ್ತಿತ್ತು, ಆ ವರ್ಷವೇ ಓದಿದ್ದೆ. ಹಿತ್ತಲಿಗೆ ಹೋಗಿ ಎರಡು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಕೊರೋನದ ಎರಡನೇ ವರ್ಷ ಅಪ್ಪಯ್ಯ ತೀರಿಕೊಂಡರು. ನಾನು ಬ್ರಹ್ಮಾವರದ ಕಡೆ ಒಂದು ಆಯುರ್ವೇದ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದೆ. ಕೋಟದ ಚಿಕಿತ್ಸಾಲಯ ಮುಚ್ಚಿತು. ಸಾಯುವ ಕೆಲವು ತಿಂಗಳ ಮೊದಲು ಅಪ್ಪಯ್ಯ ತಮ್ಮ ಹೆಸರಿನ ಹಾಳೆಯಲ್ಲಿ ನಡುಗುವ ಅಕ್ಷರದಲ್ಲಿ ಒಂದು ಪತ್ರ ಬರೆದುಕೊಟ್ಟಿದ್ದರು. 'ಪದ್ದು ಎಂಬುವಳು ನನ್ನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿ ಅಭ್ಯಂಗದಲ್ಲಿ ಚೆನ್ನಾಗಿ ನುರಿತಿದ್ದಾಳೆ' ಎಂದು. ಅದು ಅವಳ ಮೊದಲನೇ ಕಾಗದ.

ಅದನ್ನು ಹಿಡಿದುಕೊಂಡು ಅವಳು ಬ್ರಹ್ಮಾವರದ ಹತ್ತಿರ ಹೊಸದಾಗಿ ತೆರೆದ ಒಂದು ಆಸ್ಪತ್ರೆಗೆ ಹೋದಳು. ಆಫೀಸಿನಲ್ಲಿದ್ದವನು ಅಜಿತ್ ಎಂಬ ಹುಡುಗ, ಮರ್ಯಾದಸ್ಥ. ಕೂರಿಸಿ, ಪತ್ರವನ್ನು ಎರಡು ಸಲ ಓದಿದ.

"ಅಮ್ಮ, ಇದು ಪತ್ರ. ನಮಗೆ ಸರ್ಟಿಫಿಕೇಟ್ ಬೇಕು."

"ಹದ್ನೆಂಟ್ ವರ್ಷ ಮಾಡಿದ್ದೆ ಮಗಾ. ಯಾರನ್ನಾದ್ರೂ ಮಲ್ಗ್ಸಿ ಕಾಣಿ. ಕೈ ನೋಡಿ ಹೇಳಿ."

"ಕೈಯನ್ನು ಫೈಲಿನಲ್ಲಿ ಹಾಕಲಿಕ್ಕೆ ಆಗುವುದಿಲ್ಲ ಅಲ್ದಾ? ಯಾರಾದರೂ ತಪಾಸಣೆಗೆ ಬಂದರೆ ನಾನು ಎಂತ ತೋರಿಸುವುದು?"

ಆ ಕೆಲಸ ಇಪ್ಪತ್ತೊಂದು ವರ್ಷದ ಒಂದು ಹುಡುಗಿಗೆ ಸಿಕ್ಕಿತು. ಪದ್ದಕ್ಕ ಆ ದಿನವೇ ನನಗೆ ಫೋನು ಮಾಡಿದಳು. ಅವಳ ಬಾಯಲ್ಲಿ ನಾನು ಚಿಕ್ಕಂದಿನಿಂದಲೂ ಕ್ಷಮಮ್ಮ. "ಕ್ಷಮಮ್ಮ, ಆ ಹೆಣ್ಣಿಗೆ ಬೆನ್ನ್ ಎಲ್ಲಿ ಸುರು ಆತ್ತ್ ಅಂದೇ ಗೊತ್ತಿಲ್ಲೆ ಕಾಂತ್. ಅದಕ್ಕೆ ಕಾಗ್ದ ಇತ್ತ್." ನಾನು ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ. "ಒಂದು ವರ್ಷದ ಕೋರ್ಸ್ ಇದೆ ಪದ್ದಕ್ಕ, ವಿಚಾರಿಸಿ ಹೇಳ್ತೆ" ಎಂದೆ. ವಿಚಾರಿಸುವುದೇನು ಬಂತು, ಆ ಕೋರ್ಸಿಗೆ ಪಾಠ ಮಾಡುವವಳೇ ನಾನು. ಆಮೇಲೆ ಮರೆತೆ.

ಅವಳು ಕಾಯುತ್ತಾ ಕೂರುವವಳಲ್ಲ. ಕುಂದಾಪುರದಲ್ಲಿ ಒಂದು ಮೊಬೈಲ್ ಅಂಗಡಿಯ ಮಾಳಿಗೆಯಲ್ಲಿ ಪ್ರೇಮಾನಂದ ಎಂಬವನು 'ಅಂತರರಾಷ್ಟ್ರೀಯ' ಎಂಬ ಬೋರ್ಡು ಹಾಕಿ ಮಸಾಜ್ ತರಬೇತಿ ನಡೆಸುತ್ತಿದ್ದ. ಹತ್ತು ದಿನದ ಕ್ಲಾಸು. ಮೂರು ದಿನ ಟೀವಿಯಲ್ಲಿ ವಿಡಿಯೋ ತೋರಿಸಿದರಂತೆ. ಉಳಿದ ದಿನ ಪದ್ದಕ್ಕನೇ ಬೇರೆಯವರಿಗೆ ಕಲಿಸಿದಳು. "ನಿಮಗೆ ಕಲಿಸುವುದಕ್ಕೆ ನನ್ನಲ್ಲಿ ಎಂತದೂ ಇಲ್ಲ ಅಕ್ಕ, ನೀವೇ ಟೀಚರು" ಎಂದು ಪ್ರೇಮಾನಂದ ಕೈ ಮುಗಿದ. ಹೊರಡುವಾಗ ಬಂಗಾರದ ಬಣ್ಣದ ಮುದ್ರೆ, ಕೆಂಪು ರಿಬ್ಬನ್ ಇದ್ದ ದಪ್ಪ ಹಾಳೆ ಕೊಟ್ಟ. ಅದರಲ್ಲಿ 'ಡಿಪ್ಲೊಮಾ' ಎಂದಿತ್ತು. ಅವಳು ಅದಕ್ಕೆ ಪ್ಲಾಸ್ಟಿಕ್ ಹಾಕಿಸಿದಳು. ಮನೆಗೆ ಹೋಗಿ ಎಣ್ಣೆ ಹಚ್ಚುವ ಕೆಲಸ ಒಂದೊಂದೇ ಸಿಗತೊಡಗಿತು. ಫೋನಿನಲ್ಲಿ ಯಾರಾದರೂ ಕೇಳಿದರೆ ಆ ಹಾಳೆಯ ಫೋಟೋ ಕಳಿಸುತ್ತಿದ್ದಳು. ಅದರ ನಂತರ ಯಾರೂ ಮತ್ತೇನೂ ಕೇಳುತ್ತಿರಲಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ಕಂಡದ್ದಲ್ಲ. ಪದ್ದಕ್ಕ ಹೇಳಿದ್ದನ್ನೂ ಆ ಮನೆಯವರು ಹೇಳಿದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ.

ವಂಡ್ಸೆಯಿಂದ ಮಿಥುನ್ ಎಂಬವನ ಫೋನು ಬಂತು. ಅಲ್ಲಿ ಅವನದೊಂದು ಹಾರ್ಡ್‌ವೇರ್ ಅಂಗಡಿ. ಹೆಂಡತಿ ನವ್ಯಾ ಹೆತ್ತು ಹದಿನೆಂಟು ದಿನ, ಸಿಸೇರಿಯನ್, ಹೆಣ್ಣುಮಗು. ನವ್ಯಾಳಿಗೆ ತಾಯಿಯಿಲ್ಲ, ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ. ಅತ್ತೆ ಪಂಕಜಾಕ್ಷಿ ಸೊಸೆಯನ್ನು ಮಗಳ ಹಾಗೆ ನೋಡಿಕೊಳ್ಳುತ್ತಿದ್ದರು. ಎಣ್ಣೆ ಹಚ್ಚಿ ಮೀಯಿಸುವ ಊರಿನ ಅಜ್ಜಿಗೆ ವಯಸ್ಸಾಗಿತ್ತು. ಮಿಥುನ್‌ಗೆ ಹೇಗೂ ಕಲಿತವರೇ ಬೇಕಿತ್ತು.

"ನೀವು ಕಲ್ತವ್ರಾ, ಇಲ್ಲ ಸುಮ್ನೆ ಮಾಡ್ವವ್ರಾ?"

"ಡಿಪ್ಲೊಮಾ ಆಯ್ತ್," ಎಂದಳು ಪದ್ದಕ್ಕ. ಫೋಟೋ ಕಳಿಸಿದಳು.

ಬೆಳಿಗ್ಗೆ ಹೆಮ್ಮಾಡಿಯ ಮೇಲೆ ಹೋಗುವ ಬಸ್ಸಿನಲ್ಲಿ ವಂಡ್ಸೆಗೆ ಹೋಗಿ, ಹಂಡೆಗೆ ಬೆಂಕಿ ಹಾಕಿಸಿ, ಎಣ್ಣೆ ಬಿಸಿ ಮಾಡಿ ಕೆಲಸ ಶುರು ಮಾಡುತ್ತಿದ್ದಳು. ನವ್ಯಾಳ ಎಡಗಾಲು ಸ್ವಲ್ಪ ಬಾತಿತ್ತು. ಮೀನಖಂಡದ ಹತ್ತಿರ ಬಿಸಿ. ಬಾಣಂತಿಯ ಕಾಲಿಗೆ ನೀರು ಇಳಿಯುವುದು ಇದ್ದದ್ದೇ ಎಂದರು ಪಂಕಜಾಕ್ಷಿ. ಪದ್ದಕ್ಕನಿಗೂ ಹಾಗೇ ಅನಿಸಿತು. ಅವಳ ಹದಿನೆಂಟು ವರ್ಷದಲ್ಲಿ ಅಂಥ ಕಾಲು ಒಂದೂ ಅವಳ ಹಲಗೆಯ ಮೇಲೆ ಬಂದಿರಲಿಲ್ಲ. ಬಾರದ ಹಾಗೆ ಮುಂದಿನ ಕೋಣೆಯಲ್ಲಿ ಒಬ್ಬರು ತಡೆಯುತ್ತಿದ್ದರೆಂಬುದು ಅವಳಿಗೆ ಹೊಳೆಯಲಿಲ್ಲ.

ಮೂರನೇ ದಿನ ನವ್ಯಾ ಕಾಲು ಎಳೆದುಕೊಂಡಳು.

"ಎಡಗಾಲ್ ಬ್ಯಾಡ ಪದ್ದಕ್ಕ. ಸಮಾ ನೋವಾತ್ತ್."

"ನೋವ್ ಇದ್ದಲ್ಲೇ ಅಲ್ದಾ ಮಗಾ ತಿಕ್ಕೂದ್? ಎರ್ಡ್ ದಿನ ತಡ್ಕೋ, ಹಗೂರ ಆತ್ತ್."

ಪಂಕಜಾಕ್ಷಿ ಬಂದು ಸೊಸೆಯ ಮೊಣಕಾಲು ಹಿಡಿದುಕೊಂಡರು. ಪದ್ದಕ್ಕ ಹಿಮ್ಮಡಿಯಿಂದ ಮೇಲಕ್ಕೆ, ನೋವು ಬಿಡಿಸಲೆಂದು ಒತ್ತಿ ಒತ್ತಿ ತಿಕ್ಕಿದಳು. ನವ್ಯಾ ಹಲ್ಲು ಕಚ್ಚಿ ಮಲಗಿದ್ದಳು. ಮುಗಿದ ಮೇಲೆ ಮೂವರೂ ಸೇರಿ ಕಾಫಿ ಕುಡಿದರು. ಆ ಮನೆಯಲ್ಲಿ ಬೇರೆ ಲೋಟ ಇರಲಿಲ್ಲ ಎಂದು ಪದ್ದಕ್ಕ ನನಗೆ ಹೇಳಿದಳು. ಯಾಕೆ ಹೇಳಿದಳೋ, ನಾನು ತಲೆ ತಗ್ಗಿಸಿದೆ.

ನಾಲ್ಕನೇ ದಿನ ಎಣ್ಣೆಯಾಗಿ, ಬಿಸಿನೀರು ಹೊಯ್ದು, ಸೀರೆ ಸುತ್ತಿ ಎಬ್ಬಿಸುವಾಗ ನವ್ಯಾ ಬಚ್ಚಲಿನ ಗೋಡೆ ಹಿಡಿದು ನಿಂತಳು. "ಉಸ್ರ್ ತೆಗೂಕೆ ಆತಿಲ್ಲೆ" ಎಂದಳು. ಒಮ್ಮೆ ಕೆಮ್ಮಿದಳು. ತುಟಿಯ ಬಣ್ಣ ಹೋಯಿತು. ಮಿಥುನ್ ಅಂಗಡಿಯಿಂದ ಓಡಿ ಬಂದು ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಪದ್ದಕ್ಕನ ತೊಡೆಯ ಮೇಲೆ ನವ್ಯಾಳ ತಲೆ. ಹೆಮ್ಮಾಡಿ ಮುಟ್ಟುವ ಮೊದಲೇ ಆ ತಲೆ ಭಾರವಾಯಿತು. ಕುಂದಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಮಿಥುನ್‌ಗೆ ಏನೋ ವಿವರಿಸಿದರು. ಆ ಹೊತ್ತಿನಲ್ಲಿ ಅವನ ಕಿವಿಗೆ ಬಿದ್ದದ್ದು 'ಹಾರ್ಟ್' ಎಂಬ ಒಂದೇ ಶಬ್ದ. ಹಾರ್ಟ್ ನಿಂತು ಹೋದಳು ಎಂದೇ ಊರಿಗೆಲ್ಲ ಸುದ್ದಿಯಾಯಿತು. ಇಪ್ಪತ್ತಾರು ವರ್ಷ.

ಪದ್ದಕ್ಕ ಹನ್ನೊಂದನೇ ದಿನದವರೆಗೂ ಆ ಮನೆಗೆ ಹೋಗಿ ಮಗುವನ್ನು ಮೀಯಿಸಿ ಬಂದಳು. ಪಂಕಜಾಕ್ಷಿ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತರು. "ಕಡೆಗಾಲಕ್ಕೆ ನಿನ್ನ ಕೈಯಾರೆ ಅದ್ಕೆ ಒಂದ್ ಸುಖ ಆಯ್ತ್" ಎಂದರಂತೆ.

ಇದಾಗಿ ಆರೇಳು ತಿಂಗಳ ಮೇಲೆ ಒಂದು ಮಧ್ಯಾಹ್ನ ಪದ್ದಕ್ಕ ನಮ್ಮ ಸಂಸ್ಥೆಗೆ ಬಂದಳು. ಮರವಂತೆಯ ಕಡೆಯ ಒಂದು ರೆಸಾರ್ಟಿನವರು ಅವಳ ಡಿಪ್ಲೊಮಾ ನೋಡಿ ನಕ್ಕು ವಾಪಸು ಕೊಟ್ಟಿದ್ದರು. ವಂಡ್ಸೆಯ ಸಂಗತಿ ಒಂದೂ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲಿ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಪ್ಪಯ್ಯನ ಪತ್ರ, ಪ್ಲಾಸ್ಟಿಕ್ ಹಾಕಿದ ಹಾಳೆ, ಎರಡನ್ನೂ ನನ್ನ ಮೇಜಿನ ಮೇಲಿಟ್ಟಳು.

"ಕ್ಷಮಮ್ಮ, ಸಮಾ ಹೇಳಿ. ಇದ್ರಂಗೆ ಯಾವ್ದ್ ಕಾಗ್ದ, ಯಾವ್ದ್ ಕಸ?"

ಈ ಸಲ ಬಾಗಿಲು ಹಾಕಿ ಕೂತು ಎಲ್ಲ ಹೇಳಿದೆ. ರಿಬ್ಬನ್ನಿನ ಹಾಳೆಗೆ ಅದನ್ನು ಅಚ್ಚು ಹಾಕಿದ ಪ್ರೆಸ್ಸಿನ ಹೊರಗೆ ಬೆಲೆಯಿಲ್ಲ ಎಂದೆ. ಸರಕಾರದ ಕೌಶಲ ಯೋಜನೆಯವರು ಒಂದು ದಿನ ಕೈಕೆಲಸ ನೋಡಿ, ಹಳೇ ಅನುಭವಕ್ಕೆ ಪ್ರಮಾಣಪತ್ರ ಕೊಡುವುದುಂಟು. ಅದು ನಿಜದ್ದೇ, ಆದರೆ ಅದು ಸ್ಪಾದಂಥ ಕಡೆಗೆ. ಕಾಯಿಲೆಯವರ ಮೈ ಮುಟ್ಟುವುದಕ್ಕಲ್ಲ. ಬ್ಯೂಟಿ ಪಾರ್ಲರಿನ ಕೋರ್ಸಿನಲ್ಲಿ ಕಲಿಸುವ ಮಸಾಜೂ ಹಾಗೆಯೇ, ಚರ್ಮದ ಮಟ್ಟಿಗೆ. ಆಸ್ಪತ್ರೆಯಲ್ಲಿ ವೈದ್ಯರ ಕೈಕೆಳಗೆ ಎಣ್ಣೆ ಹಚ್ಚಬೇಕಾದರೆ ಒಂದು ವರ್ಷದ ಪಂಚಕರ್ಮ ಸಹಾಯಕರ ಕೋರ್ಸು ಬೇಕು.

"ಮತ್ತೆ ಫಿಜಿಯೋ ಅಂತ್ರಲ್ದಾ? ಅವ್ರೂ ತಿಕ್ಕೂದೇ ಅಲ್ದಾ?"

"ಅವರು ನಾಲ್ಕೂವರೆ ವರ್ಷ ಓದ್ತಾರೆ ಪದ್ದಕ್ಕ. ಎಲ್ಲಿ ತಿಕ್ಕಬೇಕು ಅಂತ ಮಾತ್ರ ಅಲ್ಲ, ಎಲ್ಲಿ ತಿಕ್ಕಬಾರದು ಅಂತ ಅವರೇ ತೀರ್ಮಾನ ಮಾಡಬೇಕು. ಅದಕ್ಕೇ ಅಷ್ಟು ವರ್ಷ."

ಅವಳು ಅಪ್ಪಯ್ಯನ ಪತ್ರವನ್ನು ಬೆರಳಿನಲ್ಲಿ ಸವರಿ, "ಹಂಗಾರೆ ಇದ್?" ಎಂದಳು.

"ಅದು ಅಪ್ಪಯ್ಯನ ಪ್ರೀತಿ" ಎಂದೆ.

ಆ ವರ್ಷದ ಕೋರ್ಸಿಗೆ ಅವಳನ್ನು ಸೇರಿಸಿದೆ. ನಲವತ್ತೈದು ವರ್ಷ. ಕಣ್ಣಿಗೆ ಹೊಸ ಕನ್ನಡಕ. ಕೋಡಿಯಿಂದ ಕುಂದಾಪುರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು. ಎರಡನೇ ಬೆಂಚಿನಲ್ಲಿ, ಮಗಳ ವಯಸ್ಸಿನ ಹುಡುಗಿಯರ ನಡುವೆ ಕೂರುತ್ತಿದ್ದಳು. ಮನೆಯಲ್ಲಿ ನಾನು ಅವಳಿಗೆ 'ನೀನು', ಕ್ಲಾಸಿನಲ್ಲಿ 'ನೀವು'. ಅವಳು ನನಗೆ 'ಡಾಕ್ಟ್ರೇ'. ಮೊದಲ ದಿನ ಇಬ್ಬರಿಗೂ ನಗು ಬಂದಿತ್ತು.

ಅವಳು ಸಂತೋಷವಾಗಿದ್ದದ್ದು ಸುಮಾರು ಮೂರು ವಾರ. ಆಮೇಲೆ ಆ ಪಾಠ ಬಂತು. ಅದು ಕಷ್ಟದ ಪಾಠವೇನೂ ಅಲ್ಲ, ಕೋರ್ಸಿನ ಮೊದಲ ತಿಂಗಳಲ್ಲೇ ಮುಗಿಯುತ್ತದೆ. ಯಾರಿಗೆ ಎಣ್ಣೆ ಹಚ್ಚಬಾರದು ಎಂಬ ಪಾಠ. ಜ್ವರ, ಅಜೀರ್ಣ, ಗಾಯ ಎಂದೆಲ್ಲ ಹೇಳಿಕೊಂಡು ಬಂದು, ಪ್ರತಿ ವರ್ಷ ಹೇಳುವ ಹಾಗೆಯೇ ಹೇಳಿದೆ.

"ಎರಡೂ ಕಾಲು ಬಾತಿದ್ದರೆ ಬೇರೆ ವಿಷಯ. ಒಂದೇ ಕಾಲು ಬಾತು, ಮುಟ್ಟಿದರೆ ಬಿಸಿ, ಮೀನಖಂಡದಲ್ಲಿ ನೋವು ಇದ್ದರೆ ಮುಟ್ಟಬೇಡಿ. ಕೂಡಲೇ ಆಸ್ಪತ್ರೆಗೆ ಕಳಿಸಿ. ಅದರಲ್ಲೂ ತುಂಬ ದಿನ ಮಲಗಿದವರು, ಆಪರೇಷನ್ ಆದವರು, ಹೊಸ ಬಾಣಂತಿಯರು."

ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಪದ್ದಕ್ಕ ಕೈ ಎತ್ತಿದಳು.

"ತಿಕ್ಕಿರೆ ಎಂತ ಆತ್ತ್, ಡಾಕ್ಟ್ರೇ?"

"ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಅದು ಕಿತ್ತು ಮೇಲೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು. ಉಸಿರು ಕಟ್ಟುತ್ತದೆ."

"ಎಷ್ಟ್ ಹೊತ್ತ್ ಇರ್ತ್ರ್?"

"ಕೆಲವರಿಗೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಇರುವುದಿಲ್ಲ."

ಅವಳು ತಲೆ ತಗ್ಗಿಸಿ ಅದನ್ನೂ ಬರೆದುಕೊಂಡಳು. ನಾನು ಮುಂದಕ್ಕೆ ಹೋದೆ. ಆಮೇಲೆ ಆ ನೋಟ್ ಪುಸ್ತಕ ನೋಡಿದ್ದೇನೆ. 'ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ' ಎಂಬಲ್ಲಿಗೆ ನಿಂತಿದೆ. ಅದರ ಮುಂದೆ ಒಂದು ಅಕ್ಷರವಿಲ್ಲ.

ಕ್ಲಾಸು ಬಿಟ್ಟ ಮೇಲೆ ಹೊರಗಿನ ನಲ್ಲಿಯ ಹತ್ತಿರ ಅವಳು ಕೈ ತೊಳೆಯುತ್ತಾ ನಿಂತಿದ್ದಳು. ಬಸ್ಸಿಗೆ ಹೊತ್ತಾಯಿತು ಎಂದು ಕರೆದೆ. ತಿರುಗಲಿಲ್ಲ. ಹತ್ತಿರ ಹೋದಾಗಲೂ ಅವಳು ಕೈ ತೊಳೆಯುತ್ತಲೇ ಇದ್ದಳು.

"ಕ್ಷಮಮ್ಮ, ನಾ ಒಂದ್ ಹೆಣ್ಣಿನ್ ಕೊಂದಿದ್ದೆ" ಎಂದಳು.

ಅಲ್ಲೇ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಾನು ವೈದ್ಯೆ, ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಕಷ್ಟದ ಕೆಲಸವಲ್ಲ. ಆದರೂ ಆಗಲಿಲ್ಲ. "ನೀನು ತಿಕ್ಕದಿದ್ದರೂ ಅದು ತಾನಾಗಿ ಕಿತ್ತು ಹೋಗುವ ಸಾಧ್ಯತೆ ಇತ್ತು. ಯಾರಿಗೂ ಖಂಡಿತವಾಗಿ ಹೇಳಲಿಕ್ಕೆ ಆಗುವುದಿಲ್ಲ" ಎಂದೆ. ಅದು ನಿಜ.

"ಆಸ್ಪತ್ರೆಗೆ ಕಳ್ಸಿರೆ ಉಳೀತಿತ್ತಾ?"

ಅದಕ್ಕೂ ನಿಜವನ್ನೇ ಹೇಳಬೇಕಾಯಿತು. "ಹೆಚ್ಚಿನವರು ಉಳೀತಾರೆ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು. "ರಾಯ್ರಿಗೆ ಇದ್ ಗೊತ್ತಿತ್ತಲ್ದಾ?"

"ಗೊತ್ತಿತ್ತು."

"ನಿಮ್ಗೂ?"

"ಹೌದು."

"ಒಂದ್ ಮಾತ್ ಅಲ್ದಾ ಕ್ಷಮಮ್ಮ. ಒಂದೇ ಒಂದ್ ಮಾತ್."

ನನ್ನನ್ನು ಬೈದದ್ದಲ್ಲ ಅದು. ಬೈದಿದ್ದರೆ ಒಳ್ಳೆಯದಿತ್ತು.

ಗುಡ್ಡನಿಗೆ ಹೇಳಿದಳಂತೆ. ಅವನು ತುಂಬ ಹೊತ್ತು ಬಲೆಯ ಗಂಟು ಬಿಡಿಸುತ್ತಾ ಕೂತಿದ್ದು, "ಯಾರಿಗೂ ಗೊತ್ತಿಲ್ಲೆ. ನೀನೂ ಮರ್ತ್‌ಬಿಡ್" ಎಂದ. ಅವನದು ಪ್ರೀತಿಯ ಮಾತೇ. ಅವಳು ಎರಡು ವಾರ ಕ್ಲಾಸಿಗೆ ಬರಲಿಲ್ಲ. ಮೂರನೇ ವಾರ ಬಂದವಳು, ವಂಡ್ಸೆಗೆ ಹೋಗುತ್ತೇನೆ ಎಂದಳು. ನಾನೂ ಜೊತೆಗೆ ಹೊರಟೆ.

ಮಿಥುನ್‌ನ ಮನೆಯ ಜಗಲಿಯಲ್ಲಿ ಮಗು ಗೋಡೆ ಹಿಡಿದು ನಡೆಯುತ್ತಿತ್ತು. ಪಂಕಜಾಕ್ಷಿ ಪದ್ದಕ್ಕನನ್ನು ಕಂಡು ಖುಷಿಯಾಗಿ, "ಎಷ್ಟ್ ದಿನ ಆಯ್ತ್ ಮಾರಾಯ್ತಿ, ಕೂಕೋ" ಎಂದು ಚಾಪೆ ಹಾಸಿದರು. ಪದ್ದಕ್ಕ ಕೂರಲಿಲ್ಲ. ನಿಂತುಕೊಂಡೇ, ಕ್ಲಾಸಿನಲ್ಲಿ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಒಂದೇ ಕಾಲು, ಬಿಸಿ, ಮೀನಖಂಡದ ನೋವು, ಹೊಸ ಬಾಣಂತಿ, ಮುಟ್ಟಬಾರದಿತ್ತು, ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಅಂತ ಕಾಗದ ತೋರಿಸಿದ್ದೆ.

ಮಿಥುನ್ ಗೋಡೆಗೆ ಒರಗಿ ನಿಂತಿದ್ದ. ಅವನ ಮುಖದಲ್ಲಿ ನಾನು ಸಿಟ್ಟು ಬರುವುದನ್ನು ಕಾಯುತ್ತಿದ್ದೆ. ಬರಲಿಲ್ಲ.

"ನಾನೇ ಕೇಳಿದ್ದಲ್ದಾ, ಕಲ್ತವ್ರಾ ಅಂತ," ಎಂದ. "ಫೋಟೋ ಬಂತ್. ಸೀಲ್ ಕಂಡೆ. ಅದ್ರಲ್ಲಿ ಎಂತ ಬರ್ದಿತ್ತ್ ಅಂತ ಓದ್ಲೇ ಇಲ್ಲ."

ಪಂಕಜಾಕ್ಷಿ ಎರಡೂ ಕೈಯನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು ಕೂತರು.

"ಬ್ಯಾಡ ಅಂತ ಹೇಳಿತ್ತ್ ಅದ್," ಎಂದರು. "ನಾ ಕಾಲ್ ಹಿಡ್ಕಂಡೆ. ಎಳ್ಕಣ್ತಿತ್ತ್, ನಾ ಗಟ್ಟಿ ಹಿಡ್ಕಂಡೆ."

"ಅಮ್ಮ, ನಿಮ್ದ್ ತಪ್ಪಿಲ್ಲೆ," ಎಂದು ಪದ್ದಕ್ಕ ಮುಂದೆ ಬಂದಳು.

"ಹತ್ರ ಬರ್ಬೇಡ." ಅವರ ದನಿ ಏರಲಿಲ್ಲ. "ಹಾರ್ಟ್ ಅಂತ ಇದ್ದಿದ್ದೆ ನಾ. ದೇವ್ರ್ ಕರ್ಕಂಡ್ ಹೋದ ಅಂತ ಇದ್ದಿದ್ದೆ. ನೀ ಬಂದ್ ಅದನ್ನೂ ತೆಗ್ದೆ. ನಿಂಗ್ ಹಗೂರ ಆಯ್ಕ್ ಅಂತ ನಂಗೆ ಹೇಳೂಕೆ ಬಂದ್ಯಾ? ಇನ್ ಈ ಮನೆಗೆ ಬರ್ಬೇಡ."

ಮಗು ಪದ್ದಕ್ಕನ ಸೀರೆಯ ನೆರಿಗೆ ಹಿಡಿದು ನಿಂತಿತ್ತು. ಮಿಥುನ್ ಬಂದು ಅದರ ಬೆರಳನ್ನು ಒಂದೊಂದಾಗಿ ಬಿಡಿಸಿ ಎತ್ತಿಕೊಂಡ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ. "ಹೇಳ್ಬಾರ್ದಿತ್ತಾ?" ನನಗೆ ಇವತ್ತಿಗೂ ಗೊತ್ತಿಲ್ಲ.

ಮಿಥುನ್ ಆಮೇಲೆ ಪ್ರೇಮಾನಂದನನ್ನು ಹುಡುಕಿಕೊಂಡು ಕುಂದಾಪುರಕ್ಕೆ ಹೋದ. ಮೊಬೈಲ್ ಅಂಗಡಿಯ ಮಾಳಿಗೆಯಲ್ಲಿ ಆಗ ಟೈಲರಿಂಗ್ ಕ್ಲಾಸು ನಡೆಯುತ್ತಿತ್ತು. ಪ್ರೇಮಾನಂದ ಬೈಂದೂರಿನಲ್ಲಿ ಬೇರೆ ಹೆಸರಿನ ಬೋರ್ಡು ಹಾಕಿದ್ದಾನೆಂದು ಯಾರೋ ಹೇಳಿದರು. ಅಲ್ಲಿಗೂ ಹೋದ. ಅವನು ನಗುತ್ತಾ ಕೂರಿಸಿ, "ಮನೆಯಲ್ಲಿ ಬಾಣಂತಿಗೆ ಮಾಡಿ ಅಂತ ನಾನು ಎಲ್ಲಿಯೂ ಬರೆದುಕೊಟ್ಟಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಇದೆ, ಓದಿ ನೋಡಿ" ಎಂದನಂತೆ. ಫೋನಿನಲ್ಲಿದ್ದ ಫೋಟೋ ದೊಡ್ಡದು ಮಾಡಿ ಓದಿದರೆ ನಿಜವಾಗಿಯೂ ಇತ್ತು, 'ಚಿಕಿತ್ಸೆಗೆ ಅಲ್ಲ' ಎಂದು. ಮಿಥುನ್ ದೂರು ಕೊಡಲಿಲ್ಲ. ಕೊಟ್ಟರೆ ಪದ್ದಕ್ಕನ ಹೆಸರೂ ಬರುತ್ತದೆ, ತಾಯಿ ಠಾಣೆಗೆ ಹೋಗಿ ಸಾಕ್ಷಿ ಹೇಳಬೇಕಾಗುತ್ತದೆ ಎಂದು ನನ್ನ ಹತ್ತಿರ ಫೋನಿನಲ್ಲಿ ಹೇಳಿದ. ಆಮೇಲೆ ಅವನೂ ಫೋನು ಮಾಡಿಲ್ಲ.

ಪದ್ದಕ್ಕ ಕೋರ್ಸು ಮುಗಿಸಿದಳು. ಬಿಟ್ಟುಬಿಡುತ್ತಾಳೆ ಎಂದುಕೊಂಡಿದ್ದೆ, ಬಿಡಲಿಲ್ಲ. ಬಿಡುವು ಸಿಕ್ಕಿದಾಗಲೆಲ್ಲ ಲೈಬ್ರರಿಯಲ್ಲಿ ಕೂತು ಓದಿದಳು. ಅದು ಕಲಿಯುವ ಆಸೆಯಲ್ಲ ಎಂದು ನನಗೆ ಕಾಣುತ್ತಿತ್ತು. ಹದಿನೆಂಟು ವರ್ಷದಲ್ಲಿ ಇನ್ನು ಯಾರ್‍ಯಾರಿಗೆ ಏನೇನು ಮಾಡಿದೆನೋ ಎಂದು ಹುಡುಕುತ್ತಿದ್ದಳು. ಬರೆಯುವ ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು. ಕೈಕೆಲಸದ ಪರೀಕ್ಷೆಯ ದಿನ ಮಾತ್ರ, ಹಲಗೆಯ ಮೇಲೆ ಮಲಗಿದ್ದ ಸಹಪಾಠಿ ಹುಡುಗಿಯ ಎರಡೂ ಕಾಲನ್ನು ಮುಟ್ಟಿ, ಅಳತೆ ಮಾಡಿ, ಮತ್ತೆ ಮುಟ್ಟಿ, ಎಣ್ಣೆಯ ಬಟ್ಟಲು ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಹೊರಗಿನಿಂದ ಬಂದ ಪರೀಕ್ಷಕರು ಕಾದರು. "ಶುರು ಮಾಡಿ ಅಮ್ಮ" ಎಂದರು. ಹೇಗೋ ಮಾಡಿದಳು.

ಅವಳ ಮೂರನೇ ಕಾಗದ, ನಿಜವಾದದ್ದು, ನಾಲ್ಕು ತಿಂಗಳಿಂದ ನಮ್ಮ ಆಫೀಸಿನ ಕಪಾಟಿನಲ್ಲಿದೆ. ಸಹಿ ಹಾಕಿ ತೆಗೆದುಕೊಂಡು ಹೋಗಬೇಕು. ಅವಳು ಬಂದಿಲ್ಲ. ಬ್ರಹ್ಮಾವರದ ಆಸ್ಪತ್ರೆಯ ಅಜಿತ್ ಎರಡು ಸಲ ವಿಚಾರಿಸಿದ. ಕೆಲಸ ಖಾಲಿ ಇದೆ, ಅನುಭವ ಇದ್ದವರೇ ಬೇಕು ಎಂದ.

ಅದನ್ನು ಹೇಳಲಿಕ್ಕೆ ಕಳೆದ ಭಾನುವಾರ ಕೋಡಿಗೆ ಹೋಗಿದ್ದೆ. ಪದ್ದಕ್ಕ ಮನೆಯ ಹಿಂದೆ ಬಂಗುಡೆ ಕೊಯ್ಯುತ್ತಾ ಕೂತಿದ್ದಳು. ಬಂದರಿನ ಹತ್ತಿರ ಮೀನು ಕೊಯ್ದುಕೊಡುವ ಕೆಲಸಕ್ಕೆ ಹೋಗುತ್ತಾಳಂತೆ. ಬೆರಳ ತುಂಬ ಗೀರು. ನನಗಾಗಿ ಕೈ ತೊಳೆದು, ಸೋಪು ಹಾಕಿ ಮತ್ತೆ ತೊಳೆದು, ಚಹಾ ಮಾಡಿಕೊಟ್ಟಳು. ಆಸ್ಪತ್ರೆಯ ವಿಷಯ ಹೇಳಿದೆ.

"ಈಗ ನಿನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇಲ್ಲ ಪದ್ದಕ್ಕ. ನಿನ್ನ ಕಣ್ಣು ತಪ್ಪಿಸಿ ಅಂಥ ಕಾಲು ಒಂದೂ ಹೋಗುವುದಿಲ್ಲ."

"ಮೈ ಮುಟ್ಟೂಕೆ ಕೈ ಬತ್ತಿಲ್ಲೆ ಕ್ಷಮಮ್ಮ. ಸತ್ತ್ ಮೀನಾರೆ ಅಡ್ಡಿಲ್ಲೆ."

ಗುಡ್ಡ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಾಗ ಇನ್ನೊಂದು ವಿಷಯ ಹೇಳಿದ. ಅವರ ಮನೆಯಿಂದ ನಾಲ್ಕನೇ ಮನೆಯಲ್ಲಿ ಒಂದು ಹುಡುಗಿ ಹೆತ್ತು ತಿಂಗಳಾಗಿಲ್ಲ. ಎಣ್ಣೆ ಹಚ್ಚಲು ಮೊದಲು ಪದ್ದಕ್ಕನನ್ನೇ ಕರೆದರು, ಅವಳು ಒಪ್ಪಲಿಲ್ಲ. ಬೇರೆ ಹೆಂಗಸು ಬರುತ್ತಾಳೆ. ದಿನಾ ಬೆಳಿಗ್ಗೆ ಅವರ ಬಚ್ಚಲಿನಿಂದ ಹೊಗೆ ಏಳುವುದನ್ನು ಕಂಡ ಕೂಡಲೇ ಪದ್ದಕ್ಕ ಹೋಗಿ ಬಾಗಿಲಲ್ಲಿ ನಿಂತು ಕೇಳುತ್ತಾಳೆ, "ಕಾಲ್ ಕಂಡ್ರ್ಯಾ? ಎರ್ಡೂ ಒಂದೇ ನಮೂನಿ ಇತ್ತಾ?" ಮೊದಲು ನಗಾಡಿದರು. ಆಮೇಲೆ ಹೊಸ ಬಾಣಂತಿಯ ಎದುರು ಇದೆಂಥ ಅಪಶಕುನದ ಮಾತು ಎಂದು ಬೈದರು. ಈಗ ಅವಳು ಬರುವುದನ್ನು ಕಂಡರೆ ಚಿಲಕ ಹಾಕುತ್ತಾರೆ.

"ನೀವಾರೂ ಹೇಳಿ ಅಮ್ಮ," ಎಂದ ಗುಡ್ಡ. "ತಲೆ ಸಮಾ ಇಲ್ಲೆ ಅಂತ ಊರೆಲ್ಲ ಮಾತಾಡ್ತ್ರ್."

ನಾನು ಬಸ್ಸು ಬಿಟ್ಟು ವಾಪಸು ನಡೆದೆ. ಆ ಮನೆಯ ಬಾಗಿಲು ತಟ್ಟಿ, ನಾನು ಡಾಕ್ಟರು ಎಂದೆ. ಹುಡುಗಿಯ ತಾಯಿ ಅರ್ಧ ಬಾಗಿಲು ತೆರೆದು, ನನ್ನ ಹಿಂದೆ ಅಂಗಳದ ಆಚೆ ನಿಂತಿದ್ದ ಪದ್ದಕ್ಕನನ್ನು ಕಂಡಳು.

"ಅದ್ರ ಕಡೆಯವ್ರಾ?" ಎಂದು ಕೇಳಿ, ಬಾಗಿಲು ಹಾಕಿಕೊಂಡಳು.